ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನಿಂದ ಸನ್ನತಿಯ ಮಹಾಚೈತ್ಯಕ್ಕೆ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಬೌದ್ಧ ಕ್ಷೇತ್ರಗಳ ಯಾತ್ರೆಯ ಕುರಿತೇ ಇದ್ದವು. ಅವನ್ನು ಒಟ್ಟಿಗೇ ಎತ್ತಿಕೊಂಡಿದ್ದೇವೆ. ಮೊದಲನೆಯ ಪ್ರಶ್ನೆಯ ಉತ್ತರ ಉದ್ದವಾಗಿದೆ. ಆ ಜಾಗವೇ ಅಷ್ಟು ಮಾತಿಗೆ ಅರ್ಹವಾದದ್ದು.

ಪ್ರಶ್ನೆ: ನಾನು ಕುಶಾಲನಗರದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ನೆಂಟರು ಬಂದಾಗಲೆಲ್ಲ ಕಾವೇರಿ ಸೇತುವೆ ದಾಟಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ವಾಡಿಕೆ. ಕಳೆದ ರಜೆಯಲ್ಲಿ ಮೊಮ್ಮಗಳು ಅಲ್ಲಿನ ಬುದ್ಧನ ಮೂರ್ತಿಯನ್ನು ನೋಡಿ, "ಅಜ್ಜಿ, ಇದು ಅಶೋಕನ ಕಾಲದ್ದಾ?" ಎಂದು ಕೇಳಿದಳು. ಅಲ್ಲ ಎಂದೆ. ಹಾಗಾದರೆ ಆ ಕಾಲದ್ದು ನಮ್ಮ ರಾಜ್ಯದಲ್ಲಿ ಎಲ್ಲಿದೆ ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಯಜಮಾನರಿಗೆ 72 ವರ್ಷ, ಮಂಡಿನೋವು ಇದೆ. ಅವರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ನೋಡಬಹುದಾದ ಪುರಾತನ ಬೌದ್ಧ ಸ್ಥಳ ಯಾವುದು, ಅಲ್ಲಿ ಏನನ್ನು ನೋಡಬೇಕು, ಹೇಗೆ ಹೋಗಬೇಕು ಎಂದು ತಿಳಿಸುವಿರಾ?

ಉತ್ತರ: ಮಾನ್ಯರೇ, ನೀವು ಮೊಮ್ಮಗಳಿಗೆ ಹೇಳಿದ ಉತ್ತರ ಸರಿಯಾಗಿದೆ. ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠವನ್ನು ಟಿಬೆಟ್ಟಿನಿಂದ ಬಂದ ಪೆನೊರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದರು. ನೀವು ನೋಡುವ ಸ್ವರ್ಣಮಂದಿರ 1999ರಲ್ಲಿ ಉದ್ಘಾಟನೆಗೊಂಡಿತು. ಅಂದರೆ ಅದು ನಿಮ್ಮ ಕಣ್ಣೆದುರಿಗೇ ಎದ್ದು ನಿಂತ ಕಟ್ಟಡ. ನೆಲೆ ಕಳೆದುಕೊಂಡ ಜನ ಹೊಸ ನೆಲದಲ್ಲಿ ತಮ್ಮ ಧರ್ಮವನ್ನು ಮತ್ತೆ ನೆಟ್ಟು ಬೆಳೆಸಿದ್ದನ್ನು ಅಲ್ಲಿ ಕಾಣುತ್ತೇವೆ. ಆದರೆ ಅವರು ಬರುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಮೊದಲೇ ಕನ್ನಡ ನೆಲದಲ್ಲಿ ಬುದ್ಧನ ಹೆಸರು ಕಲ್ಲಿನಲ್ಲಿ ಕೂತಿತ್ತು. ಅದನ್ನು ನೋಡಲು ನೀವು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ, ಅದಕ್ಕೆ ಹೊಂದಿಕೊಂಡಂತಿರುವ ಕನಗನಹಳ್ಳಿಗೆ ಹೋಗಬೇಕು. ಭೀಮಾ ನದಿಯ ದಡದಲ್ಲಿರುವ ಈ ಎರಡು ಊರುಗಳ ನಡುವಿನ ದೂರ ಎರಡು ಮೂರು ಕಿಲೋಮೀಟರ್ ಅಷ್ಟೇ.

ಸನ್ನತಿ ಬಹುಕಾಲದಿಂದ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದೇ ಹೆಸರಾದ ಊರು. ಅಲ್ಲಿನ ಪ್ರಾಚೀನ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದವರು ಕಪಟರಾಳ ಕೃಷ್ಣರಾಯರು. ಅದು 1954ರ ಮಾತು. ದೊಡ್ಡ ಬೆಳಕು ಬಿದ್ದದ್ದು ಮಾತ್ರ ಒಂದು ಅನಾಹುತದಿಂದ. 1986ರಲ್ಲಿ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಅವಶೇಷಗಳನ್ನು ತೆರವುಗೊಳಿಸುವಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗಳಲ್ಲಿ ಬ್ರಾಹ್ಮಿ ಅಕ್ಷರಗಳಿರುವುದು ಕಂಡಿತು. ಅದು ಅಶೋಕನ ಶಾಸನ. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಯಾರೋ ಹಿಂದೆ ಆ ಚಪ್ಪಡಿಯ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಆ ತೂತಿನ ಜೊತೆಗೆ ಕೆಲವು ಸಾಲುಗಳೂ ಹೋಗಿವೆ. ಉಳಿದ ಭಾಗದಲ್ಲಿ ಅಶೋಕನ 12ನೆಯ ಮತ್ತು 14ನೆಯ ಶಿಲಾಶಾಸನಗಳ ಪಾಠವೂ, ಕಳಿಂಗದಲ್ಲಿ ದೊರೆತಂತಹ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇವೆ. ಕೊರೆದವರನ್ನು ದೂರಲು ನನಗೆ ಮನಸ್ಸಿಲ್ಲ. ಓದಲು ಬಾರದ ಕಲ್ಲನ್ನು ಅವರು ಬಿಸಾಡಲಿಲ್ಲ, ದೇವಿಯ ಪಾದದ ಕೆಳಗೆ ಇಟ್ಟರು. ಅದರಿಂದಲೇ ಅದು ನಮ್ಮವರೆಗೆ ಬಂದಿತು.

ಇನ್ನು ಕನಗನಹಳ್ಳಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಅಗೆದಾಗ ಒಂದು ಮಹಾಸ್ತೂಪದ ಅವಶೇಷಗಳು ಹೊರಬಂದವು. ಉತ್ಖನನದ ವರದಿಯನ್ನು ಬರೆದವರು ಕೆ.ಪಿ. ಪೂಣಚ್ಚ ಅವರು, ಕೊಡಗಿನ ಕಿವಿಗೆ ಆ ಹೆಸರು ಪರಿಚಿತವೆನಿಸದೆ ಇರದು. ಶಾಸನಗಳು ಈ ಸ್ತೂಪವನ್ನು ಮಹಾಚೈತ್ಯವೆಂದು ಕರೆಯುತ್ತವೆ. ನೀವು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು: ಸಾಂಚಿಯ ಚಿತ್ರದಲ್ಲಿ ಕಾಣುವಂತೆ ಇಡಿಯಾಗಿ ನಿಂತ ಗುಮ್ಮಟ ಇಲ್ಲಿಲ್ಲ. ಸ್ತೂಪ ಕುಸಿದುಬಿದ್ದಿದೆ. ಅದರ ಮೈಗೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು ಬಿಡಿಬಿಡಿಯಾಗಿ ದೊರೆತಿವೆ. ಮೊದಲ ನೋಟಕ್ಕೆ ಬರಿಯ ಕಲ್ಲಿನ ರಾಶಿ ಎನ್ನಿಸಬಹುದು. ನಾನು ಮೊದಲ ಸಲ ಹೋದಾಗ ಗಾಣಗಾಪುರದ ದರ್ಶನದ ಅವಸರದಲ್ಲಿ ಇಪ್ಪತ್ತು ನಿಮಿಷ ಮಾತ್ರ ನಿಂತು, ಹಾಗೆಯೇ ಅಂದುಕೊಂಡು ಹೊರಟುಬಿಟ್ಟಿದ್ದೆ. ಆ ತಪ್ಪನ್ನು ಸರಿಪಡಿಸಿಕೊಳ್ಳಲು ಎರಡನೆಯ ಸಲ ಒಂದು ಪೂರ್ತಿ ದಿನ ಇಟ್ಟುಕೊಂಡು ಹೋದೆ.

ಆ ದಿನ ನಾನು ಹೆಚ್ಚು ಹೊತ್ತು ಕಳೆದದ್ದು ಒಂದು ಚಪ್ಪಡಿಯ ಜೊತೆಗೆ. ಅದರಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ. ಕೊಡೆ ಹಿಡಿದವರು, ಚಾಮರ ಬೀಸುವವರು. ಅಲ್ಲಿ ಚಿಕ್ಕ ಬ್ರಾಹ್ಮಿ ಅಕ್ಷರಗಳಲ್ಲಿ ಎರಡೇ ಮಾತು: "ರಾಯಾ ಅಸೋಕೋ". ಪತ್ರಿಕೆಗಳಲ್ಲಿ ಇದು "ರಾಣ್ಯೋ ಅಶೋಕ" ಎಂದು ಪ್ರಚಾರಕ್ಕೆ ಬಂದಿದೆ. ಅಶೋಕನ ಶಾಸನಗಳು ದೇಶದ ಉದ್ದಗಲಕ್ಕೂ ಇವೆ. ಆದರೆ ಹೆಸರು ಬರೆದು, ಇವನೇ ಅಶೋಕ ಎಂದು ತೋರಿಸುವ ಪ್ರಾಚೀನ ಶಿಲ್ಪವೆಂದರೆ ಇದು. ಶಿಲ್ಪ ಅಶೋಕನ ಕಾಲದ್ದಲ್ಲ, ಅವನು ತೀರಿಕೊಂಡು ತಲೆಮಾರುಗಳು ಕಳೆದ ಮೇಲೆ ಶಾತವಾಹನರ ಕಾಲದಲ್ಲಿ ಕಡೆದದ್ದು. ಆದ್ದರಿಂದ ಅದು ಅವನ ಮುಖದ ಪಡಿಯಚ್ಚಲ್ಲ, ಅವನ ನೆನಪು. ಭಾಷೆ ಪ್ರಾಕೃತವಾದರೂ "ರಾಯ" ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕೃಷ್ಣದೇವರಾಯನ ಹೆಸರಿನಲ್ಲಿರುವುದೂ ಅದೇ ರಾಯ. ಮೊಮ್ಮಗಳಿಗೆ ಹೊರಡುವ ಮೊದಲು ಅ, ಸ, ಕ ಎಂಬ ಮೂರು ಬ್ರಾಹ್ಮಿ ಅಕ್ಷರಗಳನ್ನು ಕಾಗದದ ಮೇಲೆ ಬರೆಯಲು ಕಲಿಸಿ. ಕ ಅಕ್ಷರ ಕೂಡಿಸುವ ಚಿಹ್ನೆಯಂತೆ ಇರುತ್ತದೆ, ಮರೆಯುವ ಹಾಗೇ ಇಲ್ಲ. ಕಲ್ಲಿನ ಮೇಲೆ ಅವಳು ಅವನ್ನು ತಾನೇ ಗುರುತಿಸಿದಾಗ, ಅವಳು ನಿಮಗೆ ಕೇಳಿದ ಪ್ರಶ್ನೆಗೆ ನೀವು ಬೇರೆ ಉತ್ತರ ಹೇಳಬೇಕಾಗುವುದಿಲ್ಲ.

ಇನ್ನೊಂದು ಚಪ್ಪಡಿಯಲ್ಲಿ ಸಾತಕಣಿ ಎಂಬ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆಂದು ಬರೆದಿದೆ. ಸಿಮುಕ, ಪುಳುಮಾವಿ ಮುಂತಾದ ಶಾತವಾಹನ ಅರಸರ ಹೆಸರುಗಳೂ ಇಲ್ಲಿನ ಕಲ್ಲುಗಳ ಮೇಲಿವೆ. ಇತಿಹಾಸಕಾರರಿಗೆ ಇದು ಭಂಡಾರವೇ ಸರಿ. ನಮ್ಮಂತಹ ಯಾತ್ರಿಕರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆಯ ಶಿಲ್ಪಗಳು: ಬೋಧಿವೃಕ್ಷದ ಬುಡದಲ್ಲಿ ಬರಿದಾದ ಆಸನ, ಅದರ ಮುಂದೆ ಕೈಮುಗಿದು ಕೂತ ಜನ, ಕಲ್ಲಿನಲ್ಲಿ ಕಡೆದ ಜೋಡಿ ಪಾದಗಳು, ಅಂಗಾಲಿನಲ್ಲಿ ಚಕ್ರ. ಬುದ್ಧನ ರೂಪವನ್ನು ಕೆತ್ತದೆ, ಅವನು ಇದ್ದಾನೆಂದು ಕುರುಹುಗಳಿಂದಲೇ ಸೂಚಿಸುತ್ತಿದ್ದ ಹಳೆಯ ಪದ್ಧತಿ ಇದು. ಬೈಲಕುಪ್ಪೆಯಲ್ಲಿ ಸುಮಾರು 60 ಅಡಿ ಎತ್ತರದ ಚಿನ್ನದ ಬಣ್ಣದ ಬುದ್ಧನನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಬರಿದಾದ ಆಸನ ಬಹಳ ಹೊತ್ತಿನವರೆಗೆ ಕಾಡುತ್ತದೆ.

ಕಲ್ಲಿನ ಬಗ್ಗೆಯೂ ಒಂದು ಮಾತು. ಇಲ್ಲಿನ ಶಿಲ್ಪಗಳೆಲ್ಲ ಸ್ಥಳೀಯ ಸುಣ್ಣಕಲ್ಲಿನವು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ನಿಮಗೆ ಗೊತ್ತಿರಬೇಕು. ಆ ಭಾಗದ ಜನ ಅದನ್ನು ಫರಸಿ ಎನ್ನುತ್ತಾರೆ. ಸನ್ನತಿಯ ಸುತ್ತಲಿನ ಭೂಮಿಯ ಅಡಿಯಲ್ಲಿರುವುದು ಅಂತಹ ಸುಣ್ಣಕಲ್ಲಿನ ಪದರಗಳೇ. ಪದರಪದರವಾಗಿ ಏಳುವ ಕಲ್ಲಾದ್ದರಿಂದ ಅಗಲವಾದ ಚಪ್ಪಡಿಗಳು ಸುಲಭವಾಗಿ ಸಿಗುತ್ತವೆ, ನಯವಾದ್ದರಿಂದ ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆಯನ್ನೂ ಉಳಿಸಿಕೊಳ್ಳುತ್ತದೆ.

ಪ್ರಯಾಣದ ವಿಷಯ: ಕೊಡಗಿಗೆ ರೈಲಿಲ್ಲದ್ದರಿಂದ ಮೈಸೂರಿಗೆ ಬಂದು, ಬಾಗಲಕೋಟೆಗೆ ಹೋಗುವ ಬಸವ ಎಕ್ಸ್‌ಪ್ರೆಸ್ ಹಿಡಿಯುವುದು ನಿಮ್ಮ ಯಜಮಾನರ ಮಂಡಿಗೆ ಹಿತ. ಅದು ಯಾದಗಿರಿ, ವಾಡಿ, ಕಲಬುರಗಿಯ ಮೂಲಕ ಹೋಗುತ್ತದೆ. ನಾಲವಾರ ನಿಲ್ದಾಣ ಸನ್ನತಿಗೆ ಹತ್ತಿರವಾದರೂ ಚಿಕ್ಕದು. ಹಿರಿಯರೊಂದಿಗೆ ಹೋಗುವವರು ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಇಳಿದು, ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಳ್ಳುವುದು ಒಳ್ಳೆಯದು. ಕಲಬುರಗಿಯಿಂದ ಸುಮಾರು 60 ಕಿಲೋಮೀಟರ್. ಕುಡಿಯುವ ನೀರು, ಊಟದ ಬುತ್ತಿ, ಕೊಡೆ ಜೊತೆಗಿರಲಿ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಆದರೆ ನೆಲ ಏರುಪೇರಾಗಿದೆ, ಊರುಗೋಲು ಇದ್ದರೆ ತನ್ನಿ. ಶಾಸನಗಳನ್ನು ಓದಬೇಕೆಂದಿದ್ದರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ನೋಡಿ. ನಡುಮಧ್ಯಾಹ್ನದ ಬೆಳಕಿನಲ್ಲಿ ಅಕ್ಷರಗಳು ಕಲ್ಲಿನಲ್ಲೇ ಕರಗಿಹೋದಂತೆ ಕಾಣುತ್ತವೆ.

ಪ್ರಶ್ನೆ: ಸೋಮವಾರಪೇಟೆಯ ಕಡೆಯ ಸಣ್ಣ ಕಾಫಿ ಬೆಳೆಗಾರ ನಾನು. ಕೊಯ್ಲು ಮುಗಿಸಿ ಮಾರ್ಚ್ ಕೊನೆಯಲ್ಲಿ ಸನ್ನತಿಗೆ ಹೋಗಬಹುದೇ?

ಉತ್ತರ: ಬೇಡ. ನೀವು ಇಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತಿರುವ ಹೊತ್ತಿಗೆ ಅಲ್ಲಿ ಬಿಸಿಲು ಏರಿರುತ್ತದೆ; ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ತುಲಾ ಸಂಕ್ರಮಣ ಮುಗಿದು, ಅರೇಬಿಕಾ ಕೊಯ್ಲು ಭರದಿಂದ ಶುರುವಾಗುವ ಮೊದಲು ಸಿಗುವ ಎರಡು ಮೂರು ವಾರಗಳೇ ಕೊಡಗಿನ ಬೆಳೆಗಾರರಿಗೆ ಒದಗುವ ಕಾಲ. ಆ ಹೊತ್ತಿಗೆ ಮಳೆಗಾಲದಲ್ಲಿ ಉಕ್ಕುವ ಭೀಮೆಯೂ ಸಾಮಾನ್ಯವಾಗಿ ಇಳಿದಿರುತ್ತಾಳೆ. ಆದರೂ ಹೊರಡುವ ಮುನ್ನ ನದಿಯ ನೀರಿನ ಮಟ್ಟದ ಸುದ್ದಿ ಕೇಳಿಕೊಳ್ಳಿ.

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿ. ಕೊಡಗಿನ ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸ್ ಅವರೇ ಅಶೋಕನ ಶಾಸನವನ್ನೂ ಪತ್ತೆಮಾಡಿದರೆಂದು ಉಪನ್ಯಾಸಕರು ಹೇಳಿದರು. ಅದು ನಿಜವೇ? ನಾವು ಮೂವರು ಗೆಳೆಯರು ಕಾರಿನಲ್ಲಿ ಸನ್ನತಿಗೆ ಹೋಗುವ ಯೋಚನೆಯಲ್ಲಿದ್ದೇವೆ. ದಾರಿಯಲ್ಲಿ ಏನನ್ನು ನೋಡಬಹುದು?

ಉತ್ತರ: ನಿಜ. "ಎಪಿಗ್ರಾಫಿಯಾ ಕರ್ನಾಟಿಕಾ" ಮಾಲೆಯ ಮೊದಲನೆಯ ಸಂಪುಟವೇ ಕೊಡಗಿನ ಶಾಸನಗಳದ್ದು. ರೈಸ್ ಅದನ್ನು 1886ರಲ್ಲಿ ಹೊರತಂದರು. ಅದರಲ್ಲಿ ನೀವು ಓದಿರಬಹುದಾದ ಬಿಳಿಯೂರಿನ 888ರ ಶಾಸನ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಗಂಗರ ಕಾಲದ ಕೊಡಗಿನಲ್ಲಿ ಜೈನಧರ್ಮ ಬೇರುಬಿಟ್ಟಿತ್ತೆಂಬುದಕ್ಕೆ ಅದೊಂದು ಗಟ್ಟಿ ಸಾಕ್ಷಿ. ಆರು ವರ್ಷಗಳ ಅನಂತರ, 1892ರಲ್ಲಿ, ಅದೇ ರೈಸ್ ಇಂದಿನ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು.

ನಿಮಗೆ ಕಾರು ಇರುವುದರಿಂದ ದಾರಿಯನ್ನೇ ಯಾತ್ರೆಯಾಗಿ ಮಾಡಿಕೊಳ್ಳಬಹುದು. ಹಾಸನ, ಅರಸೀಕೆರೆ, ಹುಳಿಯಾರು ದಾಟಿ ಹಿರಿಯೂರು, ಚಳ್ಳಕೆರೆಯ ಮೇಲೆ ಹೋದರೆ ಬಳ್ಳಾರಿಯ ದಾರಿಯಲ್ಲಿ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಬ್ರಹ್ಮಗಿರಿ. ಅಲ್ಲಿಂದ ಬಳ್ಳಾರಿ, ಸಿರುಗುಪ್ಪ, ಸಿಂಧನೂರು ದಾಟಿದ ಮೇಲೆ ಮಸ್ಕಿ. ಮುಂದೆ ಲಿಂಗಸುಗೂರು, ಸುರಪುರ, ಶಹಾಪುರ, ಅಲ್ಲಿಂದ ಭೀಮೆಯನ್ನು ದಾಟಿದರೆ ಸನ್ನತಿ. ಮಸ್ಕಿಯ ಬಂಡೆಯ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ "ದೇವಾನಾಂಪಿಯ", "ಪಿಯದಸಿ" ಎಂಬ ಬಿರುದುಗಳು ಮಾತ್ರ ಇದ್ದವು; ಮಸ್ಕಿಯ ಕಲ್ಲು "ಅಸೋಕ" ಎಂಬ ಹೆಸರನ್ನೇ ಹೇಳಿ, ಆ ಬಿರುದು ಯಾರದೆಂಬ ಪ್ರಶ್ನೆಯನ್ನು ತೀರಿಸಿತು. ಅಶೋಕನ ಹೆಸರು ಮಸ್ಕಿಯಲ್ಲಿ, ಅವನ ರೂಪ ಕನಗನಹಳ್ಳಿಯಲ್ಲಿ: ಎರಡೂ ಒಂದೇ ರಸ್ತೆಯ ಆಸುಪಾಸಿನಲ್ಲಿರುವುದು ಕನ್ನಡ ನಾಡಿನ ಭಾಗ್ಯ.

ಬ್ರಹ್ಮಗಿರಿಯಲ್ಲಿ ಅವಸರ ಮಾಡಬೇಡಿ. ಆ ಶಾಸನ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳುಹಿಸಿದ ಆದೇಶ. ಅದರ ಕೊನೆಯ ಭಾಗದಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು, ಇದು ಪುರಾತನವಾದ ರೂಢಿ ಎಂದಿದೆ. ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, "ಲಿಪಿಕಾರ" ಎಂಬ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಗಾಂಧಾರದ ಕಡೆಯ ಅಕ್ಷರ ಬಲ್ಲ ಒಬ್ಬ ಮನುಷ್ಯ ಮೊಳಕಾಲ್ಮೂರಿನ ಬಂಡೆಯ ಮುಂದೆ ಕೂತು ತನ್ನ ಊರಿನ ಲಿಪಿಯಲ್ಲಿ ಒಂದೇ ಒಂದು ಪದ ಬರೆದ ಗಳಿಗೆಯನ್ನು, ಇತಿಹಾಸ ಓದುವ ನೀವು, ಆ ಬಂಡೆಯ ಮುಂದೆಯೇ ನಿಂತು ಯೋಚಿಸಬೇಕು.

ಪ್ರಶ್ನೆ: ಪೊನ್ನಂಪೇಟೆಯಿಂದ ನಾವು ಹನ್ನೆರಡು ಜನ ಕಾಶಿಯಾತ್ರೆಗೆ ಹೊರಟಿದ್ದೇವೆ. ಪ್ರವಾಸದ ವೇಳಾಪಟ್ಟಿಯಲ್ಲಿ ಸಾರನಾಥಕ್ಕೆ ಒಂದು ಗಂಟೆ ಮಾತ್ರ ಇದೆ, ಅದೂ ಶುಕ್ರವಾರ. ಅಷ್ಟು ಸಾಕೇ?

ಉತ್ತರ: ಸಾಲದು, ಮತ್ತು ಶುಕ್ರವಾರ ಬೇಡವೇ ಬೇಡ, ಅಂದು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ರಜೆ. ಕಾಶಿಯಿಂದ ಸಾರನಾಥ ಸುಮಾರು 10 ಕಿಲೋಮೀಟರ್ ಅಷ್ಟೇ, ಆದ್ದರಿಂದ ಪ್ರವಾಸದವರಿಗೆ ಹೇಳಿ ದಿನವನ್ನು ಬದಲಾಯಿಸಿಕೊಳ್ಳಿ, ಅರ್ಧ ದಿನವನ್ನಾದರೂ ಇಡಿ. ಬುದ್ಧ ತನ್ನ ಐವರು ಹಳೆಯ ಸಂಗಾತಿಗಳಿಗೆ ಮೊದಲ ಉಪದೇಶ ಮಾಡಿದ ಜಾಗವದು. ನೂರು ಅಡಿಗೂ ಮಿಕ್ಕಿ ಎತ್ತರವಿರುವ ಧಮೇಕ್ ಸ್ತೂಪ ದೂರದಿಂದಲೇ ಕಾಣುತ್ತದೆ. ಅದರ ಹತ್ತಿರದಲ್ಲೇ ಧರ್ಮರಾಜಿಕ ಸ್ತೂಪದ ಅಡಿಪಾಯ ಮಾತ್ರ ವೃತ್ತಾಕಾರವಾಗಿ ಉಳಿದಿದೆ. 1794ರಲ್ಲಿ ಕಾಶಿಯ ಜಗತ್ ಸಿಂಗ್ ಎಂಬವರ ಕಡೆಯವರು ಇಟ್ಟಿಗೆಗಾಗಿ ಅದನ್ನು ಕೆಡವಿದರು, ಒಳಗೆ ಸಿಕ್ಕ ಕಲ್ಲಿನ ಕರಂಡದಲ್ಲಿದ್ದ ಅಸ್ಥಿಗಳು ಗಂಗೆಯ ಪಾಲಾದವು. ಆ ಬರಿದಾದ ವೃತ್ತದ ಬಳಿ ಒಂದು ನಿಮಿಷ ಮೌನವಾಗಿ ನಿಲ್ಲಿ.

ವಸ್ತುಸಂಗ್ರಹಾಲಯದಲ್ಲಿ 1905ರಲ್ಲಿ ಅಗೆತದಲ್ಲಿ ದೊರೆತ ಸಿಂಹಶೀರ್ಷವಿದೆ. 1950ರ ಜನವರಿ 26ರಿಂದ ಅದು ನಮ್ಮ ರಾಷ್ಟ್ರಲಾಂಛನ. ನೋಟಿನ ಮೇಲೆ ಕಾಣದ ಒಂದು ಭಾಗ ಅಲ್ಲಿ ಕಾಣುತ್ತದೆ: ಸಿಂಹಗಳ ಪೀಠದ ಕೆಳಗೆ ತಲೆಕೆಳಗಾದ ತಾವರೆ. ಅದನ್ನು ನೋಡಿ ಹಾಗೆಯೇ ಹೊರಗೆ ಬರಬೇಡಿ. ಐದನೆಯ ಶತಮಾನದ ಧರ್ಮಚಕ್ರ ಮುದ್ರೆಯ ಬುದ್ಧನನ್ನು ಹುಡುಕಿ, ಅವನ ಪೀಠವನ್ನು ಬಗ್ಗಿ ನೋಡಿ. ನಡುವೆ ಚಕ್ರ, ಎರಡು ಜಿಂಕೆ, ಐವರು ಶಿಷ್ಯರು. ಅವರ ಜೊತೆಗೆ ಮಗುವಿನೊಂದಿಗೆ ಒಬ್ಬ ಹೆಂಗಸೂ ಇದ್ದಾಳೆ. ಮೂರ್ತಿಯನ್ನು ಮಾಡಿಸಿಕೊಟ್ಟ ದಾನಿ ಅವಳಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಪ್ರಶ್ನೆ: ನಾವು ವಿರಾಜಪೇಟೆಯ ಕಡೆಯವರು, ಕೈಮಡದಲ್ಲಿ ಗುರುಕಾರಣರನ್ನು, ಅಂದರೆ ಮನೆತನದ ಹಿರಿಯರನ್ನು, ಪೂಜಿಸುವ ಮನೆತನ. ಬೌದ್ಧ ಸ್ತೂಪಕ್ಕೆ ಹೋದಾಗ ನಾವು ಹೇಗೆ ನಡೆದುಕೊಳ್ಳಬೇಕು? ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ ಅರ್ಪಿಸಬಹುದೇ? ಬೇರೆ ಧರ್ಮದ ಜಾಗದಲ್ಲಿ ಅಡ್ಡಬೀಳುವುದು ತಪ್ಪಾಗುತ್ತದೆಯೇ?

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞತೆಗಳು. ಬೈಲಕುಪ್ಪೆಯಲ್ಲಿ ಭಿಕ್ಷುಗಳು ಪಠಣಕ್ಕೆ ಕೂತಿರುವಾಗಲೇ ಅವರ ಮುಖದ ಮುಂದೆ ಮೊಬೈಲ್ ಹಿಡಿದು ಚಿತ್ರ ತೆಗೆಯುವವರನ್ನು ನೋಡಿ ನನಗೆ ಎಷ್ಟೋ ಸಲ ಸಂಕಟವಾಗಿದೆ. ನಮ್ಮ ಐನ್‌ಮನೆಯ (ಮನೆತನದ ಮೂಲಮನೆಯ) ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಮುಂದೆ ಯಾರಾದರೂ ಹಾಗೆ ಮಾಡಿದರೆ ಮನೆಯ ಹಿರಿಯರು ಸುಮ್ಮನಿರುತ್ತಾರೆಯೇ?

ಸ್ತೂಪವೆಂದರೆ ಮೂಲತಃ ಪೂಜ್ಯರ ಅವಶೇಷಗಳ ಮೇಲೆ, ಅಥವಾ ಅವರ ನೆನಪಿಗಾಗಿ ಎತ್ತಿದ ಗುಡ್ಡೆ. ಹಿರಿಯರ ನೆನಪಿಗೆ ತಲೆಬಾಗುವುದು ನಿಮಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಅದನ್ನು ಬಲಗಡೆಗೆ ಇಟ್ಟುಕೊಂಡು ಸುತ್ತಬೇಕು, ನಮ್ಮ ಗುಡಿಗಳಲ್ಲಿ ಪ್ರದಕ್ಷಿಣೆ ಮಾಡುವಂತೆಯೇ. ಟಿಬೆಟಿಯನ್ನರ ಪ್ರಾರ್ಥನಾ ಚಕ್ರಗಳನ್ನೂ ಅದೇ ದಿಕ್ಕಿನಲ್ಲಿ ತಿರುಗಿಸಬೇಕು. ಕೈಮುಗಿಯಿರಿ, ಮನಸ್ಸಾದರೆ ಅಡ್ಡಬೀಳಿ. ಆದರೆ ಪುರಾತನ ಕಲ್ಲಿನ ಮೇಲೆ ಏನನ್ನೂ ಇಡಬೇಡಿ. ಕನಗನಹಳ್ಳಿಯ ಕಲ್ಲು ಸುಣ್ಣಕಲ್ಲೆಂದು ಮೇಲೆ ಹೇಳಿದೆ. ನಿಂಬೆಯ ಹುಳಿ ಬಿದ್ದರೆ ಸುಣ್ಣಕಲ್ಲು ಕರಗುತ್ತದೆ, ಎಣ್ಣೆ ಮತ್ತು ಕುಂಕುಮದ ಕಲೆ ಒಳಗಿಳಿದರೆ ಮತ್ತೆ ಬರುವುದಿಲ್ಲ. ಎರಡು ಸಾವಿರ ವರ್ಷ ಬಾಳಿದ ಗೆರೆಯನ್ನು ಒಂದು ನಿಂಬೆಯ ಹೋಳು ಸವೆಸಬಲ್ಲದು. ಕೈಯಿಂದ ಸವರುವುದೂ ಬೇಡ, ಬೆವರಿನಲ್ಲಿ ಉಪ್ಪು ಮತ್ತು ಜಿಡ್ಡು ಇರುತ್ತವೆ.

ಬೇರೆ ಧರ್ಮದ ಜಾಗವೆಂಬ ನಿಮ್ಮ ಅಳುಕಿಗೆ ಉತ್ತರ ಸನ್ನತಿಯ ಆ ತೂತುಬಿದ್ದ ಚಪ್ಪಡಿಯಲ್ಲೇ ಇದೆ. ಅದರ ಮೇಲಿರುವ 12ನೆಯ ಶಾಸನದಲ್ಲಿ ಅಶೋಕ ಎಲ್ಲ ಪಂಥದವರನ್ನೂ ತಾನು ಗೌರವಿಸುವುದಾಗಿ ಹೇಳಿಕೊಳ್ಳುತ್ತಾನೆ. ತನ್ನ ಪಂಥದ ಮೇಲಿನ ಮೋಹದಿಂದ ಅದನ್ನು ಹೊಗಳಿ ಇತರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹೆಚ್ಚು ಹಾನಿ ಮಾಡುತ್ತಾನೆ, ಆದ್ದರಿಂದ ಒಬ್ಬರು ಇನ್ನೊಬ್ಬರ ಧರ್ಮದ ಮಾತನ್ನು ಕೇಳಬೇಕು ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಹೊತ್ತ ಕಲ್ಲು ಶತಮಾನಗಳ ಕಾಲ ಕಾಳಿಯ ಪೀಠವಾಗಿತ್ತು. ಆದ್ದರಿಂದ ಕನಗನಹಳ್ಳಿಗೆ ಹೋಗುವ ಮೊದಲು ಸನ್ನತಿಯಲ್ಲಿ ಇಳಿದು ಚಂದ್ರಲಾಂಬೆಯ ದರ್ಶನ ಮಾಡಿಕೊಳ್ಳಿ. ನೀವು ಒಯ್ದ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮವನ್ನು ಅಲ್ಲಿಯೇ ದೇವಿಗೆ ಅರ್ಪಿಸಿ, ಬರಿಗೈಯಲ್ಲಿ ಮಹಾಚೈತ್ಯಕ್ಕೆ ಹೋಗಿ.